ಗೊಬ್ಬರದ ರಾಶಿಗೆ ಸಗಣಿ ನೀರು

ಹೆಂಡತಿ ವಾಂತಿಭೇದಿಯಲ್ಲಿ ಹೋದ ಮೇಲೆ ಮಗಳನ್ನು ಬಿಳಿಗೆರೆಯಲ್ಲಿ ಅತ್ತೆಯ ಹತ್ತಿರ ಬಿಟ್ಟಿದ್ದೆ. ನಾನು ತಿಪಟೂರಿನಲ್ಲಿ ಒಂದು ಕೋಣೆ ಹಿಡಿದು ಪ್ರಯೋಗಾಲಯದ ಕೆಲಸಕ್ಕೆ ಹೋಗುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಚರಂಡಿ ನೀರನ್ನು ಶುದ್ಧಿ ಮಾಡಿದಾಗ ಉಳಿಯುವ ಕೆಸರನ್ನು ಒಣಗಿಸಿ ತೆಂಗಿನ ತೋಟಗಳಿಗೆ ಕೊಡುತ್ತಿದ್ದರು. ಅದರಲ್ಲಿ ಮಲದ ಬ್ಯಾಕ್ಟೀರಿಯಾ ಉಳಿದಿದೆಯೇ ಎಂದು ನೋಡುವುದು ನನ್ನ ಕೆಲಸ.

ಆ ಬೇಸಿಗೆ ಮಾವನೂ ಒಂದು ಗಾಡಿ ಒಣ ಕೆಸರು ತರಿಸಿ ಮನೆ ಪಕ್ಕದ ತೋಟದಲ್ಲಿ ಸುರಿಸಿದ್ದರು. ಮಗಳು ಬರಿಗಾಲಲ್ಲಿ ಅಲ್ಲೇ ಆಡುತ್ತಿದ್ದಳು. ಸಮಾಧಾನವಾಗದೆ ರಾಶಿಯ ಮೇಲಿನಿಂದ ಒಂದಿಷ್ಟು ಸೀಸೆಗೆ ತುಂಬಿಕೊಂಡು ಬಂದೆ. ನೇರಳೆ ಬಣ್ಣದ ರಸವಿರುವ ಕೊಳವೆಗಳಿಗೆ ಹಾಕಿ ಬಿಸಿ ಪೆಟ್ಟಿಗೆಯಲ್ಲಿ ಇಡುತ್ತೇವೆ. ಬ್ಯಾಕ್ಟೀರಿಯಾ ಇದ್ದರೆ ರಸ ಹಳದಿಗೆ ತಿರುಗಿ, ಒಳಗೆ ಬೋರಲು ಹಾಕಿದ ಪುಟ್ಟ ಕೊಳವೆಯಲ್ಲಿ ಗಾಳಿ ನಿಲ್ಲುತ್ತದೆ. ಎಲ್ಲವೂ ಹಳದಿಯಾಗಿದ್ದವು. ಎಲ್ಲದರಲ್ಲೂ ಗಾಳಿ.

ಮಗಳನ್ನು ಕರೆದುಕೊಂಡು ಬರಲು ಬಸ್ಸು ಹತ್ತಿದೆ. ಅತ್ತೆಗೆ ಸತ್ತ ಮಗಳ ಕಡೆಯಿಂದ ಉಳಿದದ್ದು ಆ ಕೂಸೊಂದೇ ಎಂಬುದು ದಾರಿಯುದ್ದಕ್ಕೂ ಮನಸ್ಸಿನಲ್ಲಿತ್ತು. ವಿಷಯ ಕೇಳಿ, ಇನ್ನೊಂದು ಸಲ ನೋಡು ಎಂದು ಅತ್ತೆ ಕೇಳಿಕೊಂಡರು. ಸೀಸೆ ಹಿಡಿದು ರಾಶಿಯ ಹತ್ತಿರ ಹೋದರೆ, ಅತ್ತೆ ನನಗಿಂತ ಮುಂಚೆ ಅಲ್ಲಿ ನಿಂತು ಬಕೆಟ್ಟಿನಿಂದ ಸಗಣಿ ನೀರು ಚಿಮುಕಿಸುತ್ತಿದ್ದರು.

"ಊರೋರ ಹೇಲು ಕಣಪ್ಪ, ಹಂಗೇ ಮುಟ್ತಾರಾ? ಹೋದ್ಸಲ ನೀನು ಬರೋಕ್ ಮುಂಚೆನೂ ಹಾಕಿದ್ದೆ."

ಬಿಸಿಲಿಗೆ ಅದು ಒಣಗಿತ್ತು, ನನಗೆ ತಿಳಿದಿರಲಿಲ್ಲ. ಹೆಂಡತಿ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನಗೆ ನಗುವಷ್ಟು ಶಕ್ತಿ ಇರಲಿಲ್ಲ. ಸಗಣಿಯಲ್ಲೂ ಅದೇ ಬ್ಯಾಕ್ಟೀರಿಯಾ ಇರುತ್ತದೆ, ಹಸುವಿನದೋ ಮನುಷ್ಯರದೋ ಕೊಳವೆಗೆ ಗೊತ್ತಾಗುವುದಿಲ್ಲ ಎಂದೆ.

"ಸಗಣಿಲಿ ಎಂಥಾ ಕೊಳೆ, ಬುಡು" ಅಂದರು ಅತ್ತೆ.

ಗುದ್ದಲಿ ತಂದು ರಾಶಿಯ ಆಚೆ ಪಕ್ಕ ಕೆತ್ತಿ, ನಡುವಿನ ಒಣ ಭಾಗದಿಂದ ತುಂಬಿಕೊಂಡೆ. ಫಲಿತಾಂಶ ಬರಲಿ ಎಂದು ಮಗಳನ್ನು ಅಲ್ಲೇ ಬಿಟ್ಟು ತಿಪಟೂರಿಗೆ ಹಿಂತಿರುಗಿದೆ.

ಈ ಸಲ ಕೊಳವೆಗಳು ನೇರಳೆಯಾಗಿಯೇ ಉಳಿದವು. ಒಂದು ಮಾತ್ರ ಹಳದಿಗೆ ತಿರುಗಿ, ಒಳಗೆ ಸಣ್ಣ ಗುಳ್ಳೆ ನಿಂತಿತ್ತು. ಅಷ್ಟಿದ್ದರೆ ತೆಂಗಿನ ಪಾತಿಗೆ ಹಾಕಿ ಮಣ್ಣು ಮುಚ್ಚಬಹುದು. ಭಾನುವಾರ ಹೋಗಿ ಹೇಳಿದೆ. ಮಣ್ಣು ಮುಚ್ಚುವವರೆಗೆ ಮಗುವನ್ನು ಆ ಕಡೆ ಬಿಡಬೇಡಿ ಎಂದೂ ಹೇಳಿದೆ.

"ಹಂಗಾರೆ ಇಲ್ಲೇ ಇರ್ತಾಳಾ?"

ಇರಲಿ ಎಂದೆ. ಅತ್ತೆ ಕೂಸನ್ನು ಎಳೆದು ಕೂರಿಸಿಕೊಂಡು ತಲೆ ಬಾಚತೊಡಗಿದರು.

ಸಂಜೆ ಬಸ್ಸಿಗೆ ಒಬ್ಬನೇ ಬಂದೆ. ಮಗಳಿಗೆಂದು ಕೋಣೆಯಲ್ಲಿ ಹಾಸಿಟ್ಟಿದ್ದ ಹೊಸ ಚಾಪೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿದೆ.