ಅಹಲ್ಯಾ ಮ್ಯಾಮ್ ಮೆಟ್ರೋ ಹತ್ತಿದ್ದು

ದ್ವಾರಕಾದ ನಮ್ಮ ಸೊಸೈಟಿಯಲ್ಲಿ ಹುಲಿ ಇರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಮೂರನೆಯ ಮಹಡಿಯಲ್ಲಿ ಅಹಲ್ಯಾ ಟೀಚರ್ ಇದ್ದರು. ಹತ್ತಿರದ ಶಾಲೆಯೊಂದರಲ್ಲಿ ಆರರಿಂದ ಎಂಟನೆಯ ತರಗತಿಯವರೆಗೆ ಗಣಿತ ಹೇಳುತ್ತಿದ್ದರು. ಎತ್ತರ ಐದಡಿಗೆ ಒಂದು ಚೂರು ಕಡಿಮೆ, ಬೇಸಿಗೆಯ ಬಿಸಿಗಾಳಿ ಲೂ ಜೋರಾಗಿ ಬೀಸಿದರೆ ಹಾರಿಹೋಗಬಹುದಾದಷ್ಟು ಮೈ. ಆದರೆ ಆಕೆ ಕಾರಿಡಾರಿಗೆ ಕಾಲಿಟ್ಟರೆ ಸೀಲಿಂಗ್ ಫ್ಯಾನು ತಾನಾಗಿಯೇ ನಿಧಾನವಾಗುತ್ತಿತ್ತು. ಕಿಟಕಿಯಾಚೆಯ ಬೇವಿನ ಮರದಲ್ಲಿ ಕಾಗೆ ‘ಕಾ’ ಎಂದು ಶುರುಮಾಡಿದ್ದನ್ನು ಅರ್ಧಕ್ಕೇ ನುಂಗಿಕೊಳ್ಳುತ್ತಿತ್ತು. ದಿಲ್ಲಿಯ ಕೋತಿಗಳು ಸಚಿವಾಲಯಗಳಿಗೇ ನುಗ್ಗಿ ಕಡತ ಹರಿದವು. ಆಕೆ ಪಾಠ ಹೇಳುವ ಏಳನೆಯ ‘ಬಿ’ ವಿಭಾಗದ ಕಿಟಕಿಗೆ ಒಂದೂ ಬಂದದ್ದಿಲ್ಲ. ಪಕ್ಕದ ಬ್ಲಾಕಿನ ಪಂಜಾಬಿ ತಾಯಂದಿರು ಮಕ್ಕಳಿಗೆ ಹಾಲು ಕುಡಿಸುವಾಗ “ಪೀ ಲೇ, ನಹೀಂ ತೋ ಅಹಲ್ಯಾ ಮ್ಯಾಮ್ ಕೋ ಬುಲಾವೂಂ?” ಎಂದು, ಆಕೆಯನ್ನು ಕರೆಯುವುದಾಗಿ ಹೆದರಿಸುತ್ತಿದ್ದರು. ಮಗು ಹಾಲಿನ ಜೊತೆ ಕೆನೆಯನ್ನೂ ನುಂಗುತ್ತಿತ್ತು.

ಬೆತ್ತ ಹಿಡಿದವರಲ್ಲ. ಬೈದದ್ದೂ ಕಡಿಮೆ. ಕನ್ನಡಕವನ್ನು ಮೂಗಿನ ತುದಿಗಿಳಿಸಿ ಅದರ ಮೇಲಿಂದ ಒಮ್ಮೆ ನೋಡುತ್ತಿದ್ದರು, ಅಷ್ಟೆ.

ಊರು ಹೊಳಲ್ಕೆರೆ. ಮದುವೆಯಾಗಿ ಎಂಬತ್ತೊಂದರಲ್ಲಿ ಕೆ.ಕೆ. ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದಾಗ ಬಿ.ಎಸ್ಸಿ., ಬಿ.ಎಡ್. ಎರಡೂ ಇದ್ದವು, ಹಿಂದಿ ಮಾತ್ರ ಇರಲಿಲ್ಲ. ಗಂಡ ದೇವೇಂದ್ರಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತ, ನನ್ನ ಹಳೆಯ ಸಹೋದ್ಯೋಗಿ. ನಮ್ಮಂಥ ಗಂಡಸರು ಆಯುಷ್ಯವೆಲ್ಲ ದಿಲ್ಲಿಯಲ್ಲಿ ಕಳೆದು ನಿವೃತ್ತರಾದರೂ ಹಿಂದಿಯ ಉನಾಸಿ ಎಂದರೆ ಎಪ್ಪತ್ತೊಂಬತ್ತೋ ಎಂಬತ್ತೊಂಬತ್ತೋ ತಿಳಿಯದೆ, ಆಟೋದವನ ಕೈಗೆ ನೋಟು ಕೊಟ್ಟು ಚಿಲ್ಲರೆಯನ್ನು ಅವನ ಧರ್ಮಕ್ಕೆ ಬಿಟ್ಟವರು. ಈಕೆ ತರಕಾರಿ ಗಾಡಿಯ ಭಯ್ಯಾನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಒಂದೇ ಬೇಸಿಗೆಯಲ್ಲಿ ಒಂದರಿಂದ ನೂರು ಕಲಿತರು. ಅಷ್ಟರಲ್ಲಿ ಅವನ ಟೊಮೇಟೊ ಬಿಸಿಲಿಗೆ ಗಾಡಿಯಲ್ಲೇ ಸಾರಾಗಿತ್ತು ಎಂಬುದು ಬೇರೆ ಮಾತು. ಮುಂದಿನ ವರ್ಷದಿಂದ ಹಿಂದಿ ಹುಡುಗರಿಗೆ ಹಿಂದಿಯಲ್ಲೇ ಮಗ್ಗಿ ಕಲಿಸತೊಡಗಿದರು.

ಇಂಥ ಹೆಂಗಸಿಗೆ ಲೋಕದಲ್ಲಿ ಒಂದೇ ಹೆದರಿಕೆ. ಎಸ್ಕಲೇಟರು, ಅಂದರೆ ತಾನಾಗಿ ಮೇಲೇರುವ ಆ ಕಬ್ಬಿಣದ ಮೆಟ್ಟಿಲು.

ಗುಡಗಾಂವದ ಒಂದು ಮಾಲ್‌ನಲ್ಲಿ ಅದು ಆಕೆಯ ಸೀರೆಯ ಅಂಚನ್ನು ಹಲ್ಲಲ್ಲಿ ಕಚ್ಚಿತ್ತು. ದೇವೇಂದ್ರಪ್ಪ ನನಗೊಬ್ಬನಿಗೇ ಹೇಳಿದ್ದು ಇದು. ಎಷ್ಟೋ ವರ್ಷದ ಮೇಲೆ ನಾನು ಊರಿಗೆ ಹೇಳುವಾಗ ಆ ಯಂತ್ರ ಐದು ಗಜ ತಿಂದು ತೇಗಿತು ಎನ್ನುತ್ತಿದ್ದೆ. ನಿಜವಾಗಿ ತಿಂದದ್ದು ಗೇಣಗಲ. ಆದರೆ ಕಾವಲಿನವನು ಓಡಿಬಂದು ಕೆಂಪು ಗುಂಡಿ ಒತ್ತುವಷ್ಟರಲ್ಲಿ ಆಕೆ ನೆರಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಅತ್ತ ಹತ್ತಲಾರದೆ ಇತ್ತ ಇಳಿಯಲಾರದೆ ನಿಂತಿದ್ದರಂತೆ. ಅವತ್ತಿನಿಂದ ಮಾಲ್ ಬಂದ್. ದ್ವಾರಕಾಕ್ಕೆ ಮೆಟ್ರೋ ಬಂದು ಊರಿಗೆ ಊರೇ ಅದರಲ್ಲಿ ಜೋತಾಡುತ್ತಿದ್ದಾಗಲೂ ಈಕೆ ಕರೋಲ್‌ಬಾಗಿಗೆ ಬಸ್ಸಿನಲ್ಲೇ ಹೋಗಿಬರುತ್ತಿದ್ದರು. ಕೇಳಿದರೆ “ಬಸ್ಸಲ್ಲಿ ಗಾಳಿ ಚೆನ್ನಾಗಿ ಬರುತ್ತೆ” ಎನ್ನುತ್ತಿದ್ದರು. ಆ ಗಾಳಿಯ ಅರ್ಧ ಭಾಗ ಹೊಗೆ, ಇನ್ನರ್ಧ ಕಂಡಕ್ಟರನ ಬೈಗುಳ.

ಎರಡು ಸಾವಿರದ ಆರರ ಶಿಕ್ಷಕರ ದಿನಾಚರಣೆ ಹತ್ತಿರ ಬಂತು. ದಿಲ್ಲಿಯ ಮಕ್ಕಳು ಅಂದು ಟೀಚರುಗಳಿಗೆ ಪೆನ್ನು, ಕಾರ್ಡು, ಗುಲಾಬಿ, ಚಾಕಲೇಟು ಸುರಿಯುತ್ತಾರೆ. ಅಹಲ್ಯಾ ಟೀಚರ್ ಪ್ರತಿ ವರ್ಷ ಎಲ್ಲವನ್ನೂ ಸಂಜೆಗೇ ತಂದವರ ಚೀಲಕ್ಕೆ ಮರಳಿಸುತ್ತಿದ್ದರು. ಹಾಗಾಗಿ ಏಳನೆಯ ‘ಬಿ’ಯವರು ತಲೆ ಓಡಿಸಿ, ವಾಪಸು ಮಾಡಲಾಗದ ಉಡುಗೊರೆಯೊಂದನ್ನು ಹುಡುಕಿದರು. ಮುಂದಾಳು ಸುಹಾಸ್ ಎಂಬ ಕನ್ನಡದ ಹುಡುಗ. ಹಿಂದಿನ ವರ್ಷ ಅವನು ಗಣಿತದಲ್ಲಿ ಡುಮ್ಕಿ ಹೊಡೆದಾಗ, ಅವನ ಅಪ್ಪನ ಎದುರು ಟೀಚರ್ “ಅವನಿಗೆ ಬರಲಿಲ್ಲ ಅಂತಲ್ಲ, ನನಗೆ ಹೇಳ್ಕೊಡೋಕೆ ಬರಲಿಲ್ಲ” ಎಂದಿದ್ದರು. ಆಮೇಲೆ ಶಾಲೆ ಬಿಟ್ಟ ಬಳಿಕ ದಿನಾ ಕೂರಿಸಿಕೊಂಡು, ತಮ್ಮ ಡಬ್ಬಿಯ ಚಪಾತಿಯನ್ನು ಹರಿದು ಹರಿದು ಭಿನ್ನರಾಶಿ ಕಲಿಸಿದರು. ಪಾಸಾಗುವ ಹೊತ್ತಿಗೆ ಹುಡುಗ ದುಂಡಗಾಗಿದ್ದ, ಟೀಚರ್ ಇನ್ನಷ್ಟು ಸೊರಗಿದ್ದರು.

ಸ್ಟಾಫ್‌ರೂಮಿನ ಬಾಗಿಲಲ್ಲಿ ಸುಹಾಸನೂ ಅವನದೇ ತರಗತಿಯ, ನಮ್ಮ ಬ್ಲಾಕಿನ ಧನ್ಯಾಳೂ ನಿಂತರು. ಮುಂದಿನದು ಧನ್ಯಾ ನನಗೆ ಹೇಳಿದ್ದು.

“ಕ್ಯಾ ಹೈ?” ಎಂದರು ಟೀಚರ್. ಕನ್ನಡಕ ಕೆಳಗಿಳಿಯಿತು.

ಸುಹಾಸನಿಗೆ ಇದ್ದ ಮೂರು ಭಾಷೆಯೂ ಹಾರಿಹೋಯಿತು. ಧನ್ಯಾ ಅವನ ಬೆನ್ನಿಗೆ ಗುದ್ದಿದಳು. “ಬೋಲ್ ನಾ!”

“ಮ್ಯಾಮ್... ಆಪ್ ನೇ... ನೀವು ನಮಗೆ ತುಂಬಾ ಟ್ರೈನ್ ಸಮ್ಸ್ ಕೊಟ್ರಿ. ಟ್ರೈನ್ ಎ ಇಲ್ಲಿಂದ ಹೊರಡ್ತು, ಟ್ರೈನ್ ಬಿ ಅಲ್ಲಿಂದ ಹೊರಡ್ತು. ತೋ... ನಾವು ನಿಮಗೆ ಒಂದು ಟ್ರೈನ್ ಕೊಡ್ತೀವಿ. ಮೆಟ್ರೋ. ರಾಜೀವ್ ಚೌಕ್ ತಕ್. ಅಲ್ಲಿ ದೋಸೆ. ಪ್ರಿನ್ಸಿಪಲ್ ಸರ್ ನೇ ಹಾಂ ಬೋಲ್ ದಿಯಾ. ಪ್ಲೀಸ್ ಮ್ಯಾಮ್, ಬೈಬೇಡಿ.”

ಟೀಚರ್ ಮುಖ ಬಿಳುಚಿತು. ಮಕ್ಕಳು ಅದನ್ನು ಕೋಪ ಎಂದುಕೊಂಡು ಗೋಡೆಗೆ ಅಂಟಿದರು. ಎರಡೂ ಕಡೆಯವರು ನಡುಗುತ್ತಿದ್ದರು, ಒಬ್ಬರ ನಡುಕ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಕೊನೆಗೆ “ಠೀಕ್ ಹೈ, ಜಾವೋ” ಎಂಬ ಒಪ್ಪಿಗೆಯ ಮಾತು ಹೇಗೆ ಹೊರಬಿತ್ತೋ ಆಕೆಗೇ ತಿಳಿಯಲಿಲ್ಲ.

ಅಂದು ಸಂಜೆ ದೇವೇಂದ್ರಪ್ಪ ನನ್ನನ್ನು ಕರೆಸಿಕೊಂಡ. ಟೀಚರ್ ಕಾಫಿ ತಂದಿಟ್ಟರು.

“ಮೂರ್ತಿಗಳೇ, ನೀವೂ ಜೊತೆಗೆ ಬರಬೇಕು. ದೊಡ್ಡವರು ಇನ್ನೊಬ್ಬರು ಇರಲೇಬೇಕಂತೆ. ಇವರನ್ನ ಕರ್ಕೊಂಡು ಹೋದ್ರೆ ನನಗಿಂತ ಮೊದಲು ಇವರೇ ಅಳ್ತಾರೆ,” ಎಂದರು ಗಂಡನ ಕಡೆ ತೋರಿಸಿ.

“ಮೊಣಕಾಲು ನೋವು ಅಂತ ಹೇಳಿ ತಪ್ಪಿಸ್ಕೊಳೇ, ಮುಗೀತು,” ಎಂದ ದೇವೇಂದ್ರಪ್ಪ.

“ರೀ, ಹೊಟ್ಟೆನೋವು ಅಂತ ಸುಳ್ಳು ಹೇಳಿದ ಹುಡುಗರನ್ನ ಇಷ್ಟು ವರ್ಷ ಕಣ್ಣಲ್ಲೇ ಹಿಡಿದವಳು ನಾನು. ಈಗ ನಾನೇ?”

“ಹೆದರಿಕೆ ಅಂತ ನಿಜ ಹೇಳಿಬಿಡಿ ಟೀಚರಮ್ಮ,” ಎಂದೆ ನಾನು.

ಆಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನನ್ನ ಹತ್ರ ಬೆತ್ತ ಇಲ್ಲ ಮೂರ್ತಿಗಳೇ. ಮೈಕಟ್ಟೂ ಇಲ್ಲ, ದನಿಯೂ ಇಲ್ಲ. ಮಕ್ಕಳು ಹೆದರ್ತಾರೆ, ಅದೊಂದೇ ಇರೋದು. ಅವರ ಕಣ್ಮುಂದೆ ನಾನು ನಡುಗಿದ್ರೆ, ಮಾರನೇ ದಿನ ಬೋರ್ಡಿನ ಮುಂದೆ ನಿಂತ್ಕೊಳೋದು ಹ್ಯಾಗೆ? ನನ್ನ ಮಾತು ಯಾರು ಕೇಳ್ತಾರೆ?”

ಆಮೇಲೆ ಉಪಾಯ ಹೊಳೆದದ್ದು ಆಕೆಗೇ. ಎಲ್ಲ ಸ್ಟೇಷನ್ನಿನಲ್ಲೂ ಮಾಮೂಲಿ ಮೆಟ್ಟಿಲು ಇದ್ದೇ ಇರುತ್ತದೆ. ವ್ಯಾಯಾಮ ಎಂದು ಮಕ್ಕಳನ್ನೆಲ್ಲ ಅದರಲ್ಲೇ ಹತ್ತಿಸಿದರೆ ಆಯಿತು. ಎದುರು ಮಾತಾಡುವ ಗಂಡು ದ್ವಾರಕಾದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಸೆಪ್ಟೆಂಬರ್ ಐದು, ಮಧ್ಯಾಹ್ನ. ದ್ವಾರಕಾ ಸ್ಟೇಷನ್ನಿನಲ್ಲಿ ಉಪಾಯ ಫಲಿಸಿತು. “ಸಬ್ ಸೀಢೀ ಸೇ! ಕಾಲು ಇರೋದು ಯಾತಕ್ಕೆ?” ಎಂದದ್ದೇ ತಡ, ಏಳನೆಯ ‘ಬಿ’ ಪೂರ್ತಿ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿತು. ಸಂಬಂಧವೇ ಇಲ್ಲದ ಒಬ್ಬ ದಪ್ಪ ಸರ್ದಾರ್ಜಿಯೂ ಎಸ್ಕಲೇಟರಿನಿಂದ ಕಾಲು ಹಿಂದೆಗೆದು ಮಕ್ಕಳ ಹಿಂದೆ ಹತ್ತಿದ. ರೈಲಿನಲ್ಲಿ ಟೀಚರಿಗೆ ಕಿಟಕಿಯ ಪಕ್ಕ ಜಾಗ ಮಾಡಿ, ಮಕ್ಕಳೆಲ್ಲ ಸುತ್ತ ನಿಂತು, ಆಕೆ ನಗುತ್ತಾರೋ ಇಲ್ಲವೋ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಆಕೆ ನಗಲಿಲ್ಲ. ರಾಜೀವ್ ಚೌಕ್ ನೆಲದಡಿಯ ಸ್ಟೇಷನ್ನು ಎಂದು ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು. ನೆಲದಡಿ ಎಂದರೆ ಹತ್ತಬೇಕಾದದ್ದು ಎಷ್ಟು ಎಂದು ಲೆಕ್ಕ ಹಾಕುತ್ತಿದ್ದರೋ ಏನೋ, ತುಟಿ ಅಲುಗುತ್ತಿತ್ತು.

ರಾಜೀವ್ ಚೌಕಿನಲ್ಲಿ ಬಾಗಿಲು ತೆರೆಯಿತು. ಅಲ್ಲಿನ ಜನಸಂದಣಿಯಲ್ಲಿ ನೀವು ನಡೆಯಬೇಕಾಗಿಲ್ಲ, ಕಾಲೆತ್ತಿಕೊಂಡರೆ ಸಾಕು, ಜನವೇ ಮುಟ್ಟಿಸುತ್ತದೆ. ಹಾಗೆ ಮುಟ್ಟಿಸಿದ್ದು ಎಸ್ಕಲೇಟರಿನ ಬುಡಕ್ಕೆ. ಪಕ್ಕದ ಮೆಟ್ಟಿಲಿಗೆ ಹಗ್ಗ ಕಟ್ಟಿ ಇಬ್ಬರು ನೆಲ ಒರೆಸುತ್ತಿದ್ದರು.

ಟೀಚರ್ ನಿಂತರು. ಕಬ್ಬಿಣದ ಹಲ್ಲುಗಳು ನೆಲದಿಂದ ಒಂದೊಂದಾಗಿ ಹುಟ್ಟಿ, ಮೆಟ್ಟಿಲಾಗಿ ಎದ್ದು, ಮೇಲಕ್ಕೆ ಹೋಗಿ ಎಲ್ಲೋ ಬೆಳಕಿನಲ್ಲಿ ಕಾಣೆಯಾಗುತ್ತಿದ್ದವು. ಆಕೆ ಬಲಗಾಲು ಮುಂದಿಟ್ಟು ಹಿಂದೆ ತೆಗೆದರು. ಎರಡೂ ಕೈ ನೆರಿಗೆಯನ್ನು ಮುದ್ದೆಮಾಡಿ ಹಿಡಿದಿದ್ದವು. ಹಣೆಯ ಬೆವರು ಕನ್ನಡಕಕ್ಕೆ ಇಳಿಯಿತು.

“ಲಿಫ್ಟ್ ಇದೆ ಟೀಚರಮ್ಮ, ಆ ಕಡೆ,” ಎಂದು ಪಿಸುಗುಟ್ಟಿದೆ.

“ಮಕ್ಕಳನ್ನ ಈ ಗದ್ದಲದಲ್ಲಿ ಬಿಟ್ಟು?” ಎಂದರು. ದನಿ ನೂಲಿನಷ್ಟು ತೆಳುವಾಗಿತ್ತು.

“ಚಲೋ ಆಂಟೀಜಿ, ಚಲೋ!” ಹಿಂದಿನಿಂದ ಕೂಗು. ಗುಟ್ಟು ಬಯಲಾಯಿತು, ಇನ್ನು ಮಕ್ಕಳು ಕಿಸಕ್ಕೆನ್ನುತ್ತಾರೆ ಎಂದು ನಾನು ತಿರುಗಿದೆ.

ಒಬ್ಬರೂ ನಕ್ಕಿರಲಿಲ್ಲ. ಎಲ್ಲರ ಮುಖವೂ ಸುಣ್ಣ ಬಳಿದಂತಾಗಿತ್ತು. ಇವು ವಾರ ವಾರ ಮಾಲ್‌ಗಳಲ್ಲಿ ಎಸ್ಕಲೇಟರಿನ ಮೇಲೆ ಉಲ್ಟಾ ಓಡುವ ಮಕ್ಕಳು! ಅವರ ತರ್ಕ ಇಷ್ಟೇ: ಯಾರಿಗೂ ಹೆದರದ ಅಹಲ್ಯಾ ಮ್ಯಾಮ್ ಇದಕ್ಕೆ ಹೆದರುತ್ತಾರೆ ಎಂದರೆ, ಇದರೊಳಗೆ ನಮಗೆ ಗೊತ್ತಿಲ್ಲದ ಏನೋ ಭಯಂಕರ ಇದೆ. ಧನ್ಯಾ ಚೂಡಿದಾರದ ಅಂಚನ್ನು ಮೇಲಕ್ಕೆ ಎಳೆದುಕೊಂಡಳು. ಒಬ್ಬ ಹುಡುಗ ಬೂಟಿನ ದಾರ ಬಿಗಿದು, ಮತ್ತೆ ಬಿಗಿದ. ಇನ್ನೊಬ್ಬಳು ಅಳುವುದಕ್ಕೇ ಶುರುಮಾಡಿದಳು. ಗಾರ್ಡು ಸೀಟಿ ಊದಿ “ಬಚ್ಚೋ, ಆಗೇ ಬಢೋ!” ಎಂದರೂ ಒಬ್ಬರೂ ಮಿಸುಕಲಿಲ್ಲ. ಹಿಂದೆ ಜನ ಒತ್ತುತ್ತ ಒತ್ತುತ್ತ, ಆ ಸಾಲು ದ್ವಾರಕಾದವರೆಗೂ ಬೆಳೆದಿರಬೇಕು. ಇನ್ನೊಂದು ರೈಲು ಬಂದು ಮತ್ತಷ್ಟು ಜನರನ್ನು ಸುರಿಯಿತು. ಮುಂದಿದ್ದ ಚಿಕ್ಕವಳೊಬ್ಬಳು ಮುಗ್ಗರಿಸಿ ಯಂತ್ರದ ಹಲ್ಲಿನ ಹತ್ತಿರಕ್ಕೇ ಹೋದಳು. ನಾನು ಜಡೆ ಹಿಡಿದು ಎಳೆದುಕೊಂಡೆ.

ಟೀಚರ್ ತಿರುಗಿ ನೋಡಿದರು. ತಮ್ಮ ಹೆದರಿಕೆ ಅಷ್ಟೂ ಮುಖಗಳ ಮೇಲೆ ಅಚ್ಚೊತ್ತಿ ನಿಂತದ್ದು ಕಂಡಿತು. ಬೋರ್ಡಿನ ಮೇಲೆ ಬರೆದದ್ದನ್ನು ಒಂದಕ್ಷರ ಬಿಡದೆ ಇಳಿಸಿಕೊಳ್ಳುವ ಹಾಗೆ ಮಕ್ಕಳು ಇದನ್ನೂ ಇಳಿಸಿಕೊಂಡಿದ್ದರು.

“ಸುನೋ,” ಎಂದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ, ಜೋರಾಗಿ: “ಸುನೋ ಸಬ್! ಮುಝೇ ಡರ್ ಲಗ್ತಾ ಹೈ. ನನಗೆ ಈ ಮೆಷೀನು ಕಂಡ್ರೆ ಹೆದರಿಕೆ. ಇದು ನನ್ನ ತಪ್ಪು, ನಿಮ್ಮದಲ್ಲ. ನನ್ನ ತಪ್ಪನ್ನ ಯಾರೂ ಕಾಪಿ ಹೊಡೀಕೂಡದು. ಕೋಯೀ ನಕಲ್ ನಹೀಂ ಕರೇಗಾ!”

ಮಕ್ಕಳು ಕಣ್ಣು ಕಣ್ಣು ಬಿಟ್ಟರು. ಮೊದಲು ಅಲುಗಿದ್ದು ಸುಹಾಸ್. ಬೆವೆತ ಕೈಯನ್ನು ಪ್ಯಾಂಟಿಗೆ ಒರೆಸಿ, ಸಿಂಹದ ಬಾಯಿಗೆ ಒಡ್ಡುವಂತೆ ಟೀಚರ್ ಮುಂದೆ ಒಡ್ಡಿದ. “ಮ್ಯಾಮ್, ಪಕಡ್ ಲೀಜಿಯೇ.” ಧನ್ಯಾ ಹಿಂದೆ ಬಗ್ಗಿ ಸೀರೆಯ ಅಂಚನ್ನು ಎತ್ತಿ ಹಿಡಿದಳು. “ಮ್ಯಾಮ್, ಇದು ನನ್ನ ಡ್ಯೂಟಿ. ಬಿಡಲ್ಲ.”

ಟೀಚರ್ ಕಣ್ಣು ಮುಚ್ಚಿ ಕಾಲಿಟ್ಟರು. ಯಂತ್ರ ಎತ್ತಿಕೊಂಡಿತು. ಆಕೆಯ ಉಗುರು ಸುಹಾಸನ ಅಂಗೈಗೆ ಇಳಿದದ್ದು ಹಿಂದಿನ ಮೆಟ್ಟಿಲಲ್ಲಿದ್ದ ನನಗೆ ಕಾಣುತ್ತಿತ್ತು. ಹುಡುಗ ಹಲ್ಲು ಕಚ್ಚಿ ಸಹಿಸಿದ. ಹಿಂದೆ ಏಳನೆಯ ‘ಬಿ’ ಒಬ್ಬರ ಹಿಂದೊಬ್ಬರಂತೆ, ದೇವರ ಪಲ್ಲಕ್ಕಿಯ ಜೊತೆ ಬಂದಷ್ಟು ಭಕ್ತಿಯಿಂದ ಏರಿತು. ಅರ್ಧದಾರಿಯಲ್ಲಿ ಆಕೆಯ ಮೈ ಒಮ್ಮೆ ವಾಲಿತು. “ಗಿರೂಂಗೀ ಕ್ಯಾ?” ಎಂದರು, ಬೀಳುತ್ತೇನಾ ಎಂದು ಕೇಳುವ ಮಗುವಿನಂತೆ. “ನಹೀಂ ಮ್ಯಾಮ್. ಈಗ ಬರುತ್ತೆ ಟಾಪ್. ಕಾಲೆತ್ತಿ. ಅಬ್!” ಎಂದ ಸುಹಾಸ್.

ನೆಲ ಸಿಕ್ಕಿತು. ಟೀಚರ್ ಕಣ್ಣು ತೆರೆದರು. ಮಕ್ಕಳ ಚಪ್ಪಾಳೆ, ಸೀಟಿ, ಕೇಕೆ ಮುಗಿಲು ಮುಟ್ಟಿತು. ಆಕೆ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಮೇಲಿಂದ ನೋಡಿದರು.

“ಶೋರ್ ಬಂದ್.”

ರಾಜೀವ್ ಚೌಕ್ ಪೂರ್ತಿ ಬಂದಾಯಿತು. ಗಾರ್ಡಿನ ಸೀಟಿ ಬಾಯಲ್ಲೇ ಉಳಿಯಿತು. ಧ್ವನಿವರ್ಧಕದಲ್ಲಿ ‘ಅಗಲೀ ಟ್ರೇನ್’ ಎಂದು ಮುಂದಿನ ರೈಲಿನ ಸುದ್ದಿ ಶುರುಮಾಡಿದ್ದ ಹೆಂಗಸೂ ಅದು ಎಲ್ಲಿಗೆಂದು ಹೇಳದೆ ಸುಮ್ಮನಾದಳು ಎಂದು ನಾನು ಈಗಲೂ ಪ್ರಮಾಣ ಮಾಡುತ್ತೇನೆ. ಟೀಚರ್ ಆ ಮೌನವನ್ನು ಒಮ್ಮೆ ಕಿವಿಗೊಟ್ಟು ಕೇಳಿಸಿಕೊಂಡರು. ತಮ್ಮ ಮಾತಿನ ಬಲ ಇನ್ನೂ ಇದೆ, ಎಲ್ಲೂ ಹೋಗಿಲ್ಲ ಎಂದು ಖಾತ್ರಿಯಾದಂತೆ ಉಸಿರು ಬಿಟ್ಟರು.

ಹೋಟೆಲಿನಲ್ಲಿ ಮಕ್ಕಳು ದೋಸೆಯ ಮೇಲೆ ದೋಸೆ ತರಿಸಿದರು. ಟೀಚರ್ ಮುಂದಿನದು ಆರುತ್ತಿತ್ತು. ಒಂದು ಚೂರು ಮುರಿಯುವರು, ಚಟ್ನಿಗೆ ಅದ್ದುವರು, ಅಲ್ಲೇ ಬಿಡುವರು. ಆಮೇಲೆ ನನ್ನ ಪಕ್ಕದಲ್ಲಿದ್ದ ಸುಹಾಸನ ಕಡೆ ಬಾಗಿ, ಬೇರೆಯವರಿಗೆ ಕೇಳಿಸದಂತೆ ಕನ್ನಡದಲ್ಲಿ ಕೇಳಿದರು:

“ವಾಪಸ್ ಹೋಗುವಾಗ ಅದರ ಮೇಲೇ ಇಳೀಬೇಕಾ?”

“ಹಾಂ ಮ್ಯಾಮ್. ಸೀಢೀ ತೋ ಬಂದ್ ಇದೆ. ಇಳಿಯೋದು ಥೋಡಾ... ಜಾಸ್ತಿ ಡರ್ ಆಗುತ್ತೆ. ಕೆಳಗೆ ಎಲ್ಲಾ ಕಾಣ್ಸುತ್ತೆ ನಾ.”

ಟೀಚರ್ ಗುಟುಕು ನೀರು ಕುಡಿದರು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಕೈ ಕಟ್ಟಿಕೊಂಡು ಕೂತರು.

“ಹಂಗಾದ್ರೆ ಮೊದಲಿಂದ ಹೇಳ್ಕೊಡು,” ಎಂದರು. “ನಿಧಾನಕ್ಕೆ. ನನಗೆ ಅರ್ಥ ಆಗೋವರೆಗೂ.”

ಸುಹಾಸ್ ಬಾಯಲ್ಲಿದ್ದ ದೋಸೆ ನುಂಗಿ, ಬೆವರುತ್ತ, ಕುರ್ಚಿಯಿಂದ ಎದ್ದು ನಿಂತ.