ಬಂಕಿನಲ್ಲಿ ನಿಂತೇ ಇದ್ದವಳು

ಇದು 2007ರ ಶ್ರಾವಣದಲ್ಲಿ ನಡೆದದ್ದು. ನಾನು ಆಗ ಹೊಳೆನರಸೀಪುರದ ಒಂದು ತೆಂಗಿನಕಾಯಿ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಹಾಸನದಲ್ಲಿ ಒಬ್ಬರು ಮಾರಿದ ದೊಡ್ಡ ಸ್ಕೂಟರನ್ನು ಕೊಂಡಿದ್ದೆ. ಈಗ ಅಂಥದ್ದನ್ನು ಮ್ಯಾಕ್ಸಿ ಸ್ಕೂಟರ್ ಎನ್ನುತ್ತಾರೆ. ಮುಂದೆ ಗಾಳಿ ತಡೆಯುವ ಗಾಜು, ಕಾಲು ಚಾಚಲು ಜಾಗ, ಹಿಂದೆ ಕೂತವರಿಗೆ ಒರಗುದಿಂಬು, ಅದರಾಚೆ ಸಾಮಾನಿನ ಡಬ್ಬಿ. ಮಕ್ಕಳಿಲ್ಲದ ನಮಗೆ ಅದೇ ಒಂದು ಸಂಭ್ರಮ. ರಜೆ ಸಿಕ್ಕಾಗ ನಾನೂ ನನ್ನ ಹೆಂಡತಿ ಜಯಮ್ಮನೂ ಅದರಲ್ಲಿ ದೂರದೂರ ಹೋಗಿಬರುತ್ತಿದ್ದೆವು.

ಮೊದಲ ಪ್ರವಾಸಕ್ಕೆ ಹೊರಟಾಗಲೇ ಅವಳಿಗೆ ಹೇಳಿದ್ದೆ: "ಗೊತ್ತಿಲ್ಲದ ಊರಲ್ಲಿ ತಪ್ಪಿಸ್ಕೊಂಡ್ರೆ ಅಲ್ಲಿ ಇಲ್ಲಿ ಓಡಾಡ್ಬೇಡ ಕಣೆ. ನಿಂತ ಜಾಗದಲ್ಲೇ ನಿಂತಿರು. ನಾನೇ ಹುಡುಕ್ಕೊಂಡ್ ಬತ್ತೀನಿ." ಇನ್ನೊಂದು ರೂಢಿಯೂ ನಮ್ಮಲ್ಲಿತ್ತು. ಹತ್ತಿ ಕೂತ ಮೇಲೆ ಅವಳು ನನ್ನ ಭುಜ ತಟ್ಟುತ್ತಿದ್ದಳು, ಆಮೇಲೆಯೇ ನಾನು ಗಾಡಿ ಬಿಡುತ್ತಿದ್ದೆ.

ಆ ಸಲ ಹಂಪಿ ನೋಡಿಕೊಂಡು ಹಿಂದಿರುಗುತ್ತಿದ್ದೆವು. ಮಾರನೆಯ ದಿನ ಅರಕಲಗೂಡಿನ ಹತ್ತಿರ ಜಯಮ್ಮನ ತಮ್ಮನ ಹೊಸ ಮನೆಯ ಗೃಹಪ್ರವೇಶವಿತ್ತು. ಅವನು ಹೊಗೆಸೊಪ್ಪು ಬೆಳೆಯುವವನು. ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆಂಕಿ ಹಾಕಿದ್ದರಿಂದ ಬಿಟ್ಟು ಬರಲಾಗದೆ, ನಮ್ಮನ್ನು ಫೋನಿನಲ್ಲೇ ಕರೆದಿದ್ದ. ಮನೆಗೆ ಬಂದು ಅಕ್ಷತೆ ಕೊಟ್ಟು ಕರೆಯಲಿಲ್ಲವೆಂದು ನನಗೆ ಸಿಟ್ಟು. ತಿಪಟೂರಿನಲ್ಲಿ ತಿಂಡಿ ತಿನ್ನುವಾಗ ಆ ಮಾತು ಬಂತು.

"ಬೆಂಕಿ ಮುಂದೆ ಕೂತೋನು ಎಂಗ್ರೀ ಬತ್ತಾನೆ? ನಿಮಗೆ ಅಕ್ಷತೆ ಬೇಕಾ, ನನ್ ತಮ್ಮ ಬೇಕಾ?" ಎಂದಳು.

"ನಿನಗೆ ಅಷ್ಟು ಬೇಕಿದ್ರೆ ಬಸ್ ಅತ್ಕೊಂಡು ನೀನೇ ಓಗು" ಎಂದೆ.

ಅಲ್ಲಿಂದ ಇಬ್ಬರದೂ ಮಾತು ನಿಂತಿತು.

ಚನ್ನರಾಯಪಟ್ಟಣದಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದೆ. ಆ ಸ್ಕೂಟರಿನ ಟ್ಯಾಂಕು ಸೀಟಿನ ಕೆಳಗಿದ್ದುದರಿಂದ ಇಬ್ಬರೂ ಇಳಿಯಲೇಬೇಕು. ಅವಳು ಹೆಲ್ಮೆಟ್ ತೆಗೆದು ನಲ್ಲಿಯ ಕಡೆ ಹೋದಳು. ಪೆಟ್ರೋಲ್ ತುಂಬಿತು, ಹಿಂದೆ ನಿಂತ ಟ್ರ್ಯಾಕ್ಟರಿನವನು ಹಾರ್ನ್ ಹೊಡೆಯತೊಡಗಿದ. ನಾನು ಹತ್ತಿ ಕೂತೆ. ಅರೆಬರೆ ತೆರೆದಿದ್ದ ಡಬ್ಬಿಯ ಮುಚ್ಚಳವನ್ನು ಬಂಕಿನವನು ಜೋರಾಗಿ ಒತ್ತಿ ಹಾಕಿದ. ಗಾಡಿ ಕುಲುಕಿತು. ಅವಳು ಹತ್ತಿದಳೆಂದುಕೊಂಡೆ. ಭುಜ ತಟ್ಟಲಿಲ್ಲ, ನಿಜ. ಮುನಿಸಿನಲ್ಲಿದ್ದಾಳೆ ಎಂದುಕೊಂಡು ಹೊರಟೇಬಿಟ್ಟೆ.

ಊರು ದಾಟಿದ ಮೇಲೆ ನಾನೇ ಮಾತು ತೆಗೆದೆ. ಕರೆಯುವುದಕ್ಕೆ ಒಂದು ಕ್ರಮವಿದೆ, ಅಕ್ಕನ ಗಂಡನೆಂದರೆ ಏನು, ಅಂತೆಲ್ಲ ಗಾಳಿಯಲ್ಲಿ ಕಿರುಚಿ ಹೇಳಿದೆ. ಹಿಂದಿನಿಂದ ಹೂಂ ಇಲ್ಲ, ಉಹೂಂ ಇಲ್ಲ. ಅರ್ಧ ದಾರಿಯಲ್ಲಿ ಒಬ್ಬ ಎಳನೀರಿನವನ ಮುಂದೆ ನಿಲ್ಲಿಸಿ, "ಎರಡು ಕೆತ್ತಪ್ಪ" ಎಂದೆ.

"ಇನ್ನೊಂದ್ ಯಾರಿಗಣ್ಣ? ಸ್ಕೂಟ್ರಿಗಾ?" ಎಂದ.

ತಿರುಗಿ ನೋಡಿದರೆ ಸೀಟು ಖಾಲಿ.

ಆಗಲೇ ಹಿಂದಿರುಗಿದ್ದರೆ ಇದು ನಗುವ ಕಥೆಯಾಗುತ್ತಿತ್ತು. ಆದರೆ ನನಗೆ ತಿಪಟೂರಿನ ಮಾತು ನೆನಪಾಯಿತು. ಬೇಕೆಂದೇ ಹಿಂದೆ ಉಳಿದು ಬಸ್ಸಿನಲ್ಲಿ ಅರಕಲಗೂಡಿಗೆ ಹೋಗಿದ್ದಾಳೆಂದು ತೀರ್ಮಾನಿಸಿದೆ. ಅವಳ ಪರ್ಸು ಡಬ್ಬಿಯಲ್ಲೇ ಇದೆಯೆಂಬುದು ತಲೆಗೆ ಹೊಳೆಯಲಿಲ್ಲ. ಎರಡು ಎಳನೀರನ್ನೂ ನಾನೇ ಕುಡಿದು ಮನೆಗೆ ಬಂದೆ.

ಮೊಬೈಲ್ ಆಗ ನಮ್ಮಿಬ್ಬರಲ್ಲೂ ಇರಲಿಲ್ಲ. ನಾನು ಬಂದು ಸ್ವಲ್ಪ ಹೊತ್ತಿಗೆ ಮನೆಯ ಫೋನು ಹೊಡೆದುಕೊಂಡಿತು. ರಾಜಿಯಾಗಲು ಬಾಮೈದ ಫೋನ್ ಮಾಡುತ್ತಿದ್ದಾನೆ, ಕಾಯಲಿ, ಎಂದು ಎತ್ತಲಿಲ್ಲ. ಮತ್ತೆ ಹೊಡೆದುಕೊಂಡಿತು. ಆಗಲೂ ಅದರ ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ. ಆಮೇಲೆ ಮಲಗಿ ನಿದ್ದೆಯನ್ನೂ ಮಾಡಿದೆ. ಸಂಜೆ ಇನ್ನೊಂದು ಸಲ ಹೊಡೆದುಕೊಂಡಾಗ, ಇಷ್ಟು ಸಾಕೆಂದು ಎತ್ತಿದೆ. ಬಾಮೈದನೇ.

"ಭಾವ, ತಪ್ಪು ತಿಳ್ಕೋಬೇಡಿ, ಒಲೆ ಬುಟ್ಟು ಬರಂಗಿರ್ಲಿಲ್ಲ. ಅಕ್ಕನ್ನ ಕರ್ಕೊಂಡು ಯಾವಾಗ ಬತ್ತೀರಾ?"

ಹಾಗಾದರೆ ಮೊದಲು ಎರಡು ಸಲ ಫೋನ್ ಮಾಡಿದ್ದು ಯಾರು? ಅವನಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಸ್ಕೂಟರ್ ತೆಗೆದೆ.

ಚನ್ನರಾಯಪಟ್ಟಣ ಮುಟ್ಟುವಾಗ ಕತ್ತಲಾಗುತ್ತಿತ್ತು. ಬಂಕಿನಲ್ಲಿ ಟೈರಿಗೆ ಗಾಳಿ ತುಂಬುವ ಯಂತ್ರದ ಪಕ್ಕ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು, ರಸ್ತೆ ನೋಡುತ್ತ ಅವಳು ನಿಂತಿದ್ದಳು. ನನ್ನನ್ನು ಮೊದಲು ಕಂಡವನು ಬಂಕಿನವನು.

"ಏನ್ ಸಾ, ಪೆಟ್ರೋಲ್ ತುಂಬುಸ್ಕೊಂಡು ಎಂಡ್ರುನ್ನೇ ಬುಟ್ಟು ಓಗ್ಬುಟ್ರಲ್ಲ! ನಾನು ಕೂಗಿದ್ದೇ ಕೂಗಿದ್ದು. ಬಸ್ ಅತ್ತಿಸ್ತೀನಿ ಬನ್ರವ್ವ ಅಂದ್ರೆ ಇವರು ಕೇಳಲ್ಲ. 'ನಾನು ಓಗ್ಬುಟ್ರೆ ಅವ್ರು ಇಲ್ಲಿಗ್ ಬಂದು ಹುಡುಕ್ತಾರೆ' ಅಂತಾರೆ. ಕೂತ್ಕೊಳಿ ಅಂದ್ರೆ, ಕೂತ್ರೆ ರಸ್ತೆಗೆ ಕಾಣಕಿಲ್ಲ ಅಂತಾರೆ!"

ಬೈಸಿಕೊಳ್ಳಲು ನಾನು ಸಿದ್ಧನಾಗಿದ್ದೆ. ಜಯಮ್ಮ ಬಂದು ನನ್ನ ಕೈ ಕಾಲು ನೋಡಿದಳು.

"ಬಿದ್ಗಿದ್ರಾ? ಪೆಟ್ಟಾಗಿಲ್ಲ ತಾನೆ? ಎರಡು ಸಲ ಮನೆಗೆ ಫೋನ್ ಮಾಡಿಸ್ದೆ, ಯಾರೂ ಎತ್ಲಿಲ್ಲ. ದಾರೀಲೇ ಏನೋ ಆಗೈತೆ ಅಂದ್ಕೊಂಡೆ. ಇಲ್ದಿದ್ರೆ ನೀವು ಬರ್ದೆ ಇರ್ತಿದ್ರಾ?"

ನಿಜ ಹೇಳಲು ಅದೊಂದು ಗಳಿಗೆ ಸಾಕಾಗಿತ್ತು. "ಗಾಡಿ ಬೆಲ್ಟು ಹರಿದೋಯ್ತು. ತಳ್ಕೊಂಡು ಓಗಿ ಆಕಿಸ್ಕೊಂಡು ಬರೋ ಒತ್ತಿಗೆ ಈಟೊತ್ತಾಯ್ತು" ಎಂದೆ.

"ಅಯ್ಯೋ, ಈ ಆನೆಯಂಥ ಗಾಡಿನಾ? ಒಬ್ರೇನಾ?" ಎಂದು ಸೆರಗಿನಲ್ಲಿ ನನ್ನ ಮುಖ ಒರೆಸಿದಳು. ಹತ್ತಿ ಕೂತು ಭುಜ ತಟ್ಟಿದಳು.

ಮಾರನೆಯ ದಿನ ಗೃಹಪ್ರವೇಶಕ್ಕೆ ಹೋದೆವು. ಅಲ್ಲಿ ಬಡಿಸುವ ಹೆಂಗಸರಿಗೆಲ್ಲ ಅವಳು, ಬೆಲ್ಟು ಹರಿದರೂ ಗಾಡಿ ತಳ್ಳಿಕೊಂಡು ತನ್ನನ್ನು ಕರೆಯಲು ಬಂದ ಯಜಮಾನರ ಕಥೆ ಹೇಳಿದಳು. ಸಂಜೆ ನಾನು ಮನೆಯಲ್ಲೇ ಫೋನ್ ಎತ್ತಿದ್ದು ಬಾಮೈದನಿಗೆ ನೆನಪಾಗಲಿಲ್ಲವೇನೋ, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದ. ನಾನು ತಿಂದೆ.

ಅದಾದ ಮೇಲೂ ಕೆಲವು ವರ್ಷ ಆ ಸ್ಕೂಟರಿನಲ್ಲಿ ಸುತ್ತಿದೆವು. ಮಂಡಿನೋವು ಬಂದ ಮೇಲೆ ಮಾರಿದೆ. ಆ ಕಥೆಯನ್ನು ಮಾತ್ರ ಜಯಮ್ಮ ಇನ್ನೂ ಬಿಟ್ಟಿಲ್ಲ. ಮನೆಗೆ ಯಾರೇ ಬರಲಿ, ಹೇಳುತ್ತಾಳೆ. ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ. ನಾಚಿಕೆ ಎಂದುಕೊಳ್ಳುತ್ತಾಳೆ.

ಎದುರು ಕೂತು ಹೇಳುವ ಧೈರ್ಯ ಇಷ್ಟು ವರ್ಷವಾದರೂ ಬರಲಿಲ್ಲ. ಪತ್ರಿಕೆಯ ಈ ಅಂಕಣವನ್ನು ಅವಳು ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ತಪ್ಪದೆ ಓದುತ್ತಾಳೆ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಜಯಾ, ಬೆಲ್ಟು ಹರಿದಿರಲಿಲ್ಲ. ನಾನು ಮನೆಯಲ್ಲೇ ಇದ್ದೆ.