ಐದು ತೋಟಾ ಹೋಗಿ ನಾಲ್ಕು ಬಂದ ದಿನ

ನನ್ನ ಹೆಂಡತಿ ಮೀನು ಹಿಡಿಯಲು ಹೋಗುವಾಗ ಬಂದೂಕು ಒಯ್ಯುತ್ತಾಳೆ ಎಂದರೆ ಕೇಳಿದವರೆಲ್ಲ ನಗುತ್ತಾರೆ. ಮೀನಿಗೂ ಗುಂಡು ಹೊಡೆಯುತ್ತಾಳಾ ಎಂದು ಕೇಳಿದ ಮಹಾಶಯರೂ ಇದ್ದಾರೆ. ಅಂಥವರ ಪ್ಯಾಂಟನ್ನು ನಾನು ಬೇಕೆಂತಲೇ ಒಂದು ವಾರ ತಡಮಾಡಿ ಕೊಡುತ್ತೇನೆ.

ನಾನು ದರ್ಜಿ. ದೋಣಿಗಳು ನಿಲ್ಲುವ ದಡದಿಂದ ಮೇಲಕ್ಕೆ ಬರುವ ಬೀದಿಯಲ್ಲಿ, ಔಷಧಿ ಅಂಗಡಿಗೂ ಸೈಕಲ್ ಅಂಗಡಿಗೂ ನಡುವೆ ನನ್ನದೊಂದು ಹೊಲಿಗೆ ಯಂತ್ರ, ಒಂದು ಕತ್ತರಿ, ಬಾಯಿತುಂಬ ಮಾತು. ಮೊಣಕಾಲುದ್ದದ ನೀರಿಗೆ ಇಳಿದರೂ ನನಗೆ ತಲೆ ಗಿರ್ರೆನ್ನುತ್ತದೆ. ಅವಳೋ ಮೀನುಗಾರನ ಮಗಳು. ಅಣೆಕಟ್ಟಿನ ಹಿನ್ನೀರು ಕಾಡಿನೊಳಗೆ ನುಗ್ಗಿ ಮುಗಿಯುವ ತುದಿಯವರೆಗೆ ನಾಲ್ಕು ಗಂಟೆ ಒಬ್ಬಳೇ ಹುಟ್ಟುಹಾಕಿಕೊಂಡು ಹೋಗುತ್ತಾಳೆ. ಅಲ್ಲಿ ತಗಡಿನ ಗುಡಿಸಲಿನಲ್ಲಿ ಒಂದು ರಾತ್ರಿ ಉಳಿದು ಮಾರನೆಯ ದಿನ ಬರುತ್ತಾಳೆ. ದೊಡ್ಡ ಮೀನು ಸಿಗುವುದು ಅಲ್ಲೇ. ಕರಡಿ ನೀರಿಗೆ ಬರುವುದೂ ಅಲ್ಲೇ. ಮೂರು ವರ್ಷದ ಹಿಂದೆ ಒಬ್ಬ ಮೀನುಗಾರನ ಅರ್ಧ ಮುಖವನ್ನು ಕರಡಿ ಕಿತ್ತುಹಾಕಿತು. ಅಲ್ಲಿ ಕೂಗಿದರೆ ಓ ಎನ್ನುವವರಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಒಂಟಿ ಹೆಂಗಸಿನ ದೋಣಿ ಕಂಡು ದಡಕ್ಕೆ ಇಳಿದು ಬರುವ ಎರಡು ಕಾಲಿನ ಮೃಗಗಳೂ ಇಲ್ಲದಿಲ್ಲ. ಬಂದೂಕು ಹೆಗಲಲ್ಲಿದ್ದರೆ ಅವು ದೂರದಿಂದಲೇ ಊಟ ಆಯ್ತಾ ಎಂದು ಕೇಳಿ ಹೊರಟುಹೋಗುತ್ತವೆ.

ಅದು ಅವಳ ಅಪ್ಪನ ಕಾಲದ ಒಂಟಿ ನಳಿಗೆಯ ಬಂದೂಕು. ನಡುವಿನಲ್ಲಿ ಮಡಚಿ, ಒಂದು ತೋಟಾ ತುಂಬಿ, ಮುಚ್ಚಬೇಕು. ಲೈಸೆನ್ಸ್ ಈಗ ಅವಳ ಹೆಸರಿನಲ್ಲಿದೆ. ನನ್ನ ಮಾವನವರ ಎಡಗೈಯಲ್ಲಿ ಮೂರೇ ಬೆರಳು ಇದ್ದವು. ಕರಡಿ ತಿಂದದ್ದಲ್ಲ. ಹರೆಯದಲ್ಲಿ ಒಮ್ಮೆ ಬಂದೂಕು ಒದ್ದೆಯಾಗಬಾರದೆಂದು ತುಂಬಿದ್ದನ್ನು ಹಾಗೇ ಬಲೆಯ ರಾಶಿಯ ಕೆಳಗೆ ಇಟ್ಟಿದ್ದರಂತೆ. ಬಲೆ ಎಳೆದಾಗ ಅದರ ಕಣ್ಣು ಬಂದೂಕಿನ ಕುದುರೆಗೆ ಸಿಕ್ಕಿಕೊಂಡಿತು. ನೀರಿನ ಮೇಲಿನವರು ಮಾತ್ರ ಮಾಡುವ ತಪ್ಪು ಇದು. ನೆಲದ ಮೇಲೆ ಬೇಟೆಯಾಡುವವನಿಗೆ ಬಲೆಯ ಕಣ್ಣು ಎಷ್ಟು ಕೆಟ್ಟದ್ದೆಂದು ಗೊತ್ತಿರುವುದಿಲ್ಲ.

ಹಾಗಾಗಿ ಅವಳ ದೋಣಿಯಲ್ಲಿ ಕಾನೂನು ಬಿಗಿ. ಬಲೆ ಮುಂದೆ, ಬಂದೂಕು ಹಿಂದೆ. ದೋಣಿಯ ಹಿಂಬದಿಯಲ್ಲಿ ನೆಟ್ಟ ಗೂಟಕ್ಕೆ ನಾನು ಹೊಲಿದ ಕ್ಯಾನ್ವಾಸ್ ಚೀಲದಲ್ಲಿ ಅದು ಖಾಲಿಯಾಗಿ ನೇತಾಡುತ್ತದೆ. ತೋಟಾಗಳು ಅವಳ ಸೊಂಟದ ಚೀಲದಲ್ಲಿ. ಎರಡು ಕಾಲೂ ದಡದ ಮೇಲೆ ಊರಿದ ನಂತರವೇ ತುಂಬುವುದು, ದೋಣಿ ಹತ್ತುವ ಮುಂಚೆ ತೆಗೆಯುವುದು. ಮನೆಗೆ ಬಂದರೆ ಹೊಸ್ತಿಲಾಚೆ ನಿಂತು ಬಂದೂಕು ಮಡಚಿ ನನ್ನ ಕಣ್ಣಿಗೆ ಹಿಡಿಯುತ್ತಾಳೆ. ನಳಿಗೆಯೊಳಗಿಂದ ನನಗೆ ಬೀದಿಯ ಬೆಳಕು ಕಾಣಬೇಕು. ಆಮೇಲೆ ಐದು ತೋಟಾಗಳನ್ನು ನನ್ನ ಅಂಗೈಯಲ್ಲಿ ಇಡುತ್ತಾಳೆ. ಕಾಲಲ್ಲಿ ಕೆಸರು, ಮೈಯೆಲ್ಲ ಮೀನು ವಾಸನೆ, ಮಾತೆಂದರೆ ಮುತ್ತು ಉದುರುತ್ತದೇನೋ ಎಂಬಂತೆ ಬಾಯಿ ಬಿಗಿ. ಹತ್ತೊಂಬತ್ತು ವರ್ಷ ಐದು ಹೋಗಿವೆ, ಐದು ಬಂದಿವೆ. ಕರಡಿ ಎದುರಾದಾಗಲೂ ಪಾತ್ರೆ ಬಡಿದು, ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಂದವಳೇ ಹೊರತು ಗುಂಡು ಹಾರಿಸಿದವಳಲ್ಲ.

ಆ ದಿನ ನಾಲ್ಕು ಬಂದವು. ಐದನೆಯದು ಬರಿಯ ಸುಟ್ಟ ಕೊಳವೆ.

ಅವಳ ತೋಳಿನ ಮೇಲೆ ರಕ್ತ ಒಣಗಿತ್ತು. ನನ್ನದಲ್ಲ ಎಂದಳು, ನೀರು ಕೇಳಿದಳು, ಗೋಡೆಗೆ ಒರಗಿ ಕೂತಳು. ಆಮೇಲೆ ನಾನು ಇಕ್ಕಳ ಹಾಕಿ ಒಂದೊಂದೇ ಮಾತು ಎಳೆದೆ.

ನಮ್ಮ ದಡದಲ್ಲಿ ಒಬ್ಬನಿದ್ದಾನೆ, ಉದ್ದಣ್ಣ ಎಂದು ಕರೆಯುತ್ತೇವೆ. ಆಳು ಉದ್ದ, ಬುದ್ಧಿ ಮೊಣಕಾಲಿನವರೆಗೆ. ಅವನೂ ಆ ತುದಿಗೆ ಹೋಗುತ್ತಾನೆ. ಅವನ ಬಳಿ ಒಂದು ನಾಡಬಂದೂಕು ಇತ್ತು, ಲೈಸೆನ್ಸ್ ಇರಲಿಲ್ಲ. ಲೈಸೆನ್ಸ್ ಇಲ್ಲದ್ದನ್ನು ಗೂಟಕ್ಕೆ ನೇತುಹಾಕಲಾಗುತ್ತದೆಯೇ? ಬಲೆಯ ಕೆಳಗೆ ಬಚ್ಚಿಟ್ಟಿದ್ದ. ತುಂಬಿದ್ದನ್ನೇ. ಬೆಳಿಗ್ಗೆ ಬಲೆ ಎಳೆದ. ನನ್ನ ಮಾವನ ಬೆರಳು ಹೋದ ಹಾಗೆ ಅವನ ತೊಡೆ ಹೋಯಿತು.

ಸದ್ದು ಕೇಳಿ ಇವಳು ಹುಟ್ಟುಹಾಕಿಕೊಂಡು ಹೋದಳು. ನಾನು ಬಂದೂಕಿಗೆ ಹೊಲಿದಿದ್ದ ಹೆಗಲಪಟ್ಟಿಯನ್ನೇ ಬಿಚ್ಚಿ ಅವನ ತೊಡೆಗೆ ಬಿಗಿದು, ಕೋಲು ಸಿಕ್ಕಿಸಿ ತಿರುಚಿದಳು. ಅವಳ ಕಣ್ಣೆದುರೇ ಅವನು ನಾಡಬಂದೂಕನ್ನು ನೀರಿಗೆ ಎಸೆದ. ಪ್ರಾಣ ಹೋಗುತ್ತಿದ್ದರೂ ಕಳ್ಳಬುದ್ಧಿ ಹೋಗುವುದಿಲ್ಲ ನೋಡಿ. ಆಮೇಲೆ ಅವನನ್ನು ತನ್ನ ದೋಣಿಗೆ ಹಾಕಿಕೊಂಡು ಒಂದೂವರೆ ಗಂಟೆ ಹುಟ್ಟುಹಾಕಿದಳು. ನಿದ್ದೆ ಹೋಗಬೇಡ, ಮಾತಾಡು ಎಂದು ಗದರುತ್ತಲೇ ಇದ್ದಳಂತೆ. ನನ್ನ ಹೆಂಡತಿ ಒಬ್ಬ ಮನುಷ್ಯನನ್ನು ಮಾತಾಡು ಎಂದು ಬೇಡಿದ ಮೊದಲ ಸಲ ಅದು. ಅಣೆಕಟ್ಟಿನ ಕಾವಲಿನವರ ಶೆಡ್ಡಿಗೆ ಸದ್ದು ಮುಟ್ಟುವ ತಿರುವಿಗೆ ಬಂದು ಆಕಾಶಕ್ಕೆ ಒಂದು ಗುಂಡು ಹೊಡೆದಳು. ಅವರ ಮೋಟಾರು ದೋಣಿ ಬಂತು. ಆಸ್ಪತ್ರೆಯಲ್ಲಿ ಇನ್ನು ಅರ್ಧ ಗಂಟೆ ತಡವಾಗಿದ್ದರೆ ಹೆಣ ಎಂದರಂತೆ. ಗುಂಡೇಟಾದ್ದರಿಂದ ಪೊಲೀಸಿಗೆ ಸುದ್ದಿ ಹೋಯಿತು. ನಾಳೆ ಹತ್ತು ಗಂಟೆಗೆ ಬಂದೂಕು ತೆಗೆದುಕೊಂಡು ಠಾಣೆಗೆ ಬಾ ಎಂದು ಇವಳಿಗೆ ಹೇಳಿ ಕಳಿಸಿದರು.

ಇಷ್ಟೇ ಆಗಿದ್ದರೆ ನಾನು ಬೀದಿಯಲ್ಲಿ ಸಿಹಿ ಹಂಚುತ್ತಿದ್ದೆ. ಆದರೆ ದೀಪ ಹಚ್ಚುವ ಹೊತ್ತಿಗೆ ಉದ್ದಣ್ಣನ ತಾಯಿ ಬಂದಳು. ಹಿಂದೆ ದಡದ ನಾಲ್ಕೈದು ದೊಡ್ಡ ಮನುಷ್ಯರು. ದೋಣಿಯಲ್ಲಿ ಉದ್ದಣ್ಣನೂ ಇವಳನ್ನು ಒಂದು ಮಾತು ಬೇಡಿಕೊಂಡಿದ್ದನಂತೆ, ಅದನ್ನೇ ಮುದುಕಿ ಇಲ್ಲಿ ಕೈಹಿಡಿದು ಬೇಡಿದಳು. ಹೇಗೂ ನಿನ್ನ ಬಂದೂಕಿನಿಂದ ಒಂದು ಗುಂಡು ಹೋಗಿದೆ, ಕೊಳವೆ ನಿನ್ನ ಹತ್ತಿರ ಇದೆ. ದಡದಲ್ಲಿ ಕೈತಪ್ಪಿ ನನ್ನ ಬಂದೂಕೇ ಸಿಡಿಯಿತು ಎಂದುಬಿಡು. ನಿನ್ನದಕ್ಕೆ ಕಾಗದವಿದೆ, ಆಕಸ್ಮಿಕ ಎಂದು ಬರೆದುಕೊಂಡು ಬಿಡುತ್ತಾರೆ. ನನ್ನ ಮಗನದ್ದು ಎಂದು ಗೊತ್ತಾದರೆ ಅವನು ಜೈಲಿಗೆ. ಮನೆಯಲ್ಲಿ ದುಡಿಯುವವನು ಅವನೊಬ್ಬನೇ, ಎರಡು ಹೆಣ್ಣುಮಕ್ಕಳು. ದೊಡ್ಡ ಮನುಷ್ಯರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ತಲೆಯಾಡಿಸಿದರು.

ಅವರಿಗೆ ಹೇಳುವುದು ಸುಲಭ. ಕೈತಪ್ಪಿ ಒಬ್ಬನ ತೊಡೆಗೆ ಗುಂಡು ಹೊಡೆದವಳ ಲೈಸೆನ್ಸನ್ನು ಯಾರು ಉಳಿಸುತ್ತಾರೆ? ಬಂದೂಕು ಹೋದರೆ ಆ ತುದಿಯ ನೀರೂ ಹೋಯಿತು. ಬಂದೂಕಿಲ್ಲದೆ ನಾನವಳನ್ನು ಅಲ್ಲಿಗೆ ಕಳಿಸುವುದಿಲ್ಲ, ಅವಳೂ ಹೋಗುವಷ್ಟು ದಡ್ಡಿಯಲ್ಲ. ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಹತ್ತೊಂಬತ್ತು ವರ್ಷ ಯಾವ ತಪ್ಪನ್ನು ಒಂದೇ ಒಂದು ಸಲವೂ ಮಾಡಲಿಲ್ಲವೋ ಅದನ್ನೇ ಮಾಡಿದೆ ಎಂದು ಅವಳು ತನ್ನ ಬಾಯಾರೆ ಹೇಳಬೇಕಿತ್ತು.

ಇಷ್ಟೆಲ್ಲ ಗೊತ್ತಿದ್ದೂ, ಮುದುಕಿ ಅಳುವುದನ್ನು ನೋಡಲಾರದೆ ನಾನೇನು ಹೇಳಿದೆ ಗೊತ್ತೇ?

“ಹೋಗ್ಲಿ ಬಿಡೇ. ಎರಡು ಮಕ್ಕಳ ಮುಖ ನೋಡಿ ಹೇಳಿಬಿಡು.”

ಅವಳು ನನ್ನನ್ನು ಒಮ್ಮೆ ನೋಡಿದಳು. ಮದುವೆಯಾದಾಗಿನಿಂದ ಹಾಗೆ ನೋಡಿರಲಿಲ್ಲ. ಮುದುಕಿಯನ್ನು ಎಬ್ಬಿಸಿ ಕೂರಿಸಿ ಒಂದು ಲೋಟ ಚಹಾ ಕೊಟ್ಟಳು. ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ಹೊರಟಳು. ನಾನು ಬಾಲದ ಹಾಗೆ ಹಿಂದೆ ಹೋದೆ.

ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಕೊನೆಯ ಮಂಚ ಅವನದು. ಕಾಲು ಮಂಚದಿಂದಾಚೆ ಚಾಚಿತ್ತು. ಇವಳನ್ನು ಕಂಡದ್ದೇ ಅಕ್ಕಾ ಎಂದು ಕಣ್ಣಲ್ಲಿ ನೀರು ತಂದುಕೊಂಡ. ಇವಳು ಕೂರಲಿಲ್ಲ, ಅವನ ತಲೆಯ ಹತ್ತಿರ ನಿಂತಳು.

“ನಿನ್ನ ಜೀವ ಹೊತ್ಕೊಂಡು ಬಂದೆ. ನಿನ್ನ ಸುಳ್ಳೂ ನಾನೇ ಹೊರಬೇಕಾ?”

ಅವನು ಮುಖ ಗೋಡೆಗೆ ತಿರುಗಿಸಿದ. ಅವಳು ಈ ಸಲ ದನಿ ತಗ್ಗಿಸಿ ಹೇಳಿದಳು.

“ನೀನು ಒಳಗಿರೋವರೆಗೂ ನಿನ್ನ ಬಲೆ ನನ್ನ ಬಲೆ ಜೊತೆ ಬೀಳುತ್ತೆ. ಅದರಲ್ಲಿ ಬಿದ್ದ ಮೀನು ನಿನ್ನ ತಾಯಿಗೆ. ಇದು ನನ್ನ ಮಾತು. ಈಗ ನಿನ್ನ ಮಾತು ನೀನು ಹೇಳು.”

ಅವನು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡ. ಮನೆಗೆ ಬಂದು ಇಬ್ಬರೂ ಊಟ ಮಾಡದೆ ಮಲಗಿದೆವು.

ಬೆಳಿಗ್ಗೆ ಠಾಣೆ. ಮೇಜಿನ ಮೇಲೆ ಬಂದೂಕನ್ನು ಮಡಚಿಯೇ ಇಟ್ಟಳು, ನಾಲ್ಕು ತೋಟಾ ಇಟ್ಟಳು, ಸುಟ್ಟ ಕೊಳವೆ ಇಟ್ಟಳು. ಎಲ್ಲಿ, ಯಾವಾಗ, ಯಾಕೆ ಹೊಡೆದೆ ಎಂದು ಮೂರೇ ವಾಕ್ಯದಲ್ಲಿ ಹೇಳಿದಳು. ಅಧಿಕಾರಿ ಮೀಸೆ ತಿರುವುತ್ತ, ಹಾಗಾದರೆ ಅವನ ತೊಡೆಗೆ ಗುಂಡು ಹೊಡೆದವರು ಯಾರಮ್ಮಾ ಎಂದು ಕೇಳಿದ.

“ಮೊದಲು ಅವನನ್ನ ಕೇಳಿ ಸಾರ್. ಅವನು ಹೇಳದೇ ಇದ್ರೆ ನಾನು ಹೇಳ್ತೀನಿ.”

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ ಎಂದು ಅವನು ರೇಗಿದ. ನಿನ್ನ ಬಂದೂಕು, ನಿನ್ನ ಖಾಲಿ ತೋಟಾ, ನಿನ್ನ ದೋಣಿಯಲ್ಲಿ ಗಾಯಗೊಂಡವನು, ಇದೆಲ್ಲ ಯಾರ ಕಡೆ ಬೆರಳು ತೋರಿಸುತ್ತದೆ ಗೊತ್ತಾ ಎಂದ. ಗೊತ್ತು ಸಾರ್ ಎಂದಳು. ಒಬ್ಬ ಪೊಲೀಸನನ್ನು ಆಸ್ಪತ್ರೆಗೆ ಓಡಿಸಿ, ನಮ್ಮನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಬಂದೂಕು ಒಳಗೇ ಉಳಿಯಿತು.

ಎರಡು ಗಂಟೆ ಕಾದೆವು. ಉದ್ದಣ್ಣ ಉಲ್ಟಾ ಹೊಡೆದರೆ? ಅಕ್ಕನೇ ಹೊಡೆದಳು ಎಂದುಬಿಟ್ಟರೆ? ಲೈಸೆನ್ಸ್ ಮಾತ್ರವಲ್ಲ, ಇವಳೇ ಒಳಗೆ ಹೋಗಬೇಕಾದೀತು. ಉಪಕಾರ ಮಾಡಲು ಹೋಗಿ ಉರುಳು ಹಾಕಿಕೊಂಡೆಯಲ್ಲೇ ಎಂದು ಗೊಣಗಿದೆ. ಅವಳು ನನ್ನ ಅಂಗಿಯ ತೋಳಿನಲ್ಲಿ ಬಿಚ್ಚಿಹೋಗಿದ್ದ ಹೊಲಿಗೆಯನ್ನು ನೋಡಿ, ದರ್ಜಿಯಾಗಿ ಹೀಗೆ ಠಾಣೆಗೆ ಬಂದಿದ್ದೀರಲ್ರೀ ಎಂದು ಬೈದಳು.

ಒಳಗೆ ಕರೆದರು. ಆಸ್ಪತ್ರೆಯಿಂದ ಬಂದ ಕಾಗದ ಅಧಿಕಾರಿಯ ಕೈಯಲ್ಲಿತ್ತು. ಕನ್ನಡಕ ಸರಿಮಾಡಿಕೊಂಡು ಅದನ್ನು ಗಟ್ಟಿಯಾಗಿ ಓದಿದ. ನಾಡಬಂದೂಕು ತನ್ನದು, ಬಲೆಯ ಕೆಳಗೆ ತಾನೇ ಇಟ್ಟಿದ್ದು, ಎಲ್ಲಿ ಎಸೆದದ್ದು, ಎಲ್ಲವನ್ನೂ ಉದ್ದಣ್ಣ ಬರೆಸಿದ್ದ. ಆದರೆ ಕಾಗದ ಅಲ್ಲಿಗೆ ಮುಗಿದಿರಲಿಲ್ಲ. ಅಧಿಕಾರಿ ಮುಂದೆ ಓದಿದ.

“ತಿರುವಿಗೆ ಬಂದಾಗ, ನಾನು ಸಾಯ್ತಾ ಇದ್ದೀನಿ, ದೋಣಿಯಿಂದ್ಲೇ ಹೊಡಿ ಅಂತ ಬೈದೆ. ಅಕ್ಕ ಕೇಳಲಿಲ್ಲ. ದೋಣಿ ನಿಲ್ಲಿಸಿ, ದಡಕ್ಕೆ ಇಳಿದು, ಆಮೇಲೆ ತುಂಬಿ ಹೊಡೆದಳು. ಖಾಲಿ ಮಾಡಿ ನಳಿಗೆ ನೋಡ್ಕೊಂಡೇ ದೋಣಿ ಹತ್ತಿದಳು. ಅದೇ ಬುದ್ಧಿ ನನಗೆ ಇದ್ದಿದ್ರೆ ನನ್ನ ಕಾಲು ಹೀಗಾಗ್ತಿರಲಿಲ್ಲ.”

ಇದನ್ನವಳು ನನಗೆ ಹೇಳಿರಲೇ ಇಲ್ಲ. ಹೇಳುವಂಥದ್ದು ಎಂದು ಅವಳಿಗೆ ಅನ್ನಿಸಿಯೂ ಇರಲಿಕ್ಕಿಲ್ಲ. ದೋಣಿಯಲ್ಲಿ ಒಬ್ಬ ರಕ್ತ ಸುರಿಸಿಕೊಂಡು ಬಾಯಿಗೆ ಬಂದಂತೆ ಬೈಯುತ್ತಿದ್ದಾನೆ, ಇವಳು ಕೆಸರಲ್ಲಿ ಎರಡು ಕಾಲೂ ಊರಿ ನಿಂತು, ಆಮೇಲೆ ಚೀಲಕ್ಕೆ ಕೈಹಾಕುತ್ತಾಳೆ. ನಾನಾಗಿದ್ದರೆ ಗಾಬರಿಯಲ್ಲಿ ದೋಣಿಗೇ ತೂತು ಹೊಡೆದಿರುತ್ತಿದ್ದೆ. ಆ ಠಾಣೆಯಲ್ಲಿ, ಅಷ್ಟು ಜನ ಪೊಲೀಸರ ಮುಂದೆ, ನನಗೆ ಅಳು ಬಂತು. ಹೆಮ್ಮೆಗೆ ಅಳು ಬರುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಅಧಿಕಾರಿ ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿ ಅವಳಿಗೆ ಕೊಟ್ಟ. ನಾಲ್ಕು ತೋಟಾ ಎಣಿಸಿ ಕೊಟ್ಟು, ಕೊಳವೆಗೆ ರಶೀದಿ ಬರೆದ.

ಉದ್ದಣ್ಣನಿಗೆ ಎಂಟು ತಿಂಗಳು ಜೈಲಾಯಿತು. ತಾನಾಗಿಯೇ ಒಪ್ಪಿಕೊಂಡನೆಂದು ಅಷ್ಟಕ್ಕೇ ಮುಗಿಯಿತಂತೆ. ಆ ಎಂಟು ತಿಂಗಳೂ ಅವಳು ಎರಡು ಬಲೆ ಹಾಕಿದಳು. ಅವನ ಬಲೆಗೆ ದೊಡ್ಡ ಮೀನು ಬಿದ್ದು ತನ್ನದಕ್ಕೆ ಪುಡಿಮೀನು ಬಿದ್ದ ದಿನವೂ ಅದಲುಬದಲು ಮಾಡಲಿಲ್ಲ. ನನಗೇ ಹೊಟ್ಟೆ ಉರಿಯುತ್ತಿತ್ತು. ಮುದುಕಿ ಮೊದಮೊದಲು ಮುಖ ತಿರುಗಿಸಿಕೊಂಡೇ ಮೀನು ತೆಗೆದುಕೊಳ್ಳುತ್ತಿದ್ದಳು. ಮೂರನೆಯ ತಿಂಗಳಿನಿಂದ ಬಾಗಿಲಲ್ಲಿ ಕಾದು ನಿಲ್ಲತೊಡಗಿದಳು.

ಈಗ ಲೈಸೆನ್ಸ್ ಮಾಡಿಸಲು ಹೊರಟವರೆಲ್ಲ ಮೊದಲು ನಮ್ಮ ಮನೆಗೆ ಬರುತ್ತಾರೆ. ಎಲ್ಲಿ ಇಡಬೇಕು, ಯಾವಾಗ ತುಂಬಬೇಕು, ಕರಡಿ ಎದುರಾದರೆ ಏನು ಮಾಡಬಾರದು ಎಂದು ಕೇಳುತ್ತಾರೆ. ಅವಳು ನಾಲ್ಕು ಮಾತು ಹೇಳುತ್ತಾಳೆ, ಮಿಕ್ಕ ನಲವತ್ತು ನಾನು ಹೇಳುತ್ತೇನೆ. ಅಂದು ತಲೆಯಾಡಿಸಿದ ದೊಡ್ಡ ಮನುಷ್ಯರು ಈಗ, ಅವಳು ಸುಳ್ಳು ಹೇಳುವುದಿಲ್ಲ ಅಂತ ನಮಗೆ ಆಗಲೇ ಗೊತ್ತಿತ್ತು ಎನ್ನುತ್ತಾರೆ. ಅವರಿಗೆ ಉಗಿಯೋಣ ಎಂದು ಬಾಯಿ ತೆರೆಯುತ್ತೇನೆ, ಮುಚ್ಚಿಕೊಳ್ಳುತ್ತೇನೆ. ದಡದವರೆಲ್ಲ ಇವತ್ತು ಅವಳ ಮಾತು ಕೇಳುತ್ತಾರೆ. ಆ ಸಂಜೆ ಅವಳು ನನ್ನ ಮಾತು ಕೇಳಲಿಲ್ಲವಲ್ಲ, ಅದು ನನ್ನ ಪುಣ್ಯ.